ಹಾಯಿಗೆ ಹಾಕಿದ ಟಕ್ಸ್

ಶಿರಾದಲ್ಲಿ ಹಾಯಿದೋಣಿಯ ಕ್ಲಬ್ ಇದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ ಬಿಡಿ. ಕೊಡ ಹಿಡಿದು ಟ್ಯಾಂಕರಿಗೆ ಕಾದವರ ಊರಿನಲ್ಲಿ ಎಂಥಾ ದೋಣಿ ಎಂದು ನೆಂಟರು ಹಂಗಿಸಿದರೆ ನನಗೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದದ್ದು ನಮ್ಮ ಕ್ಲಬ್ಬಿನವರ ಮೇಲೆಯೇ. ಹಾಯಿ ಚೆನ್ನಾಗಿದೆಯಲ್ಲ, ಯಾರು ಹೊಲಿದದ್ದು ಎಂದು ಯಾರಾದರೂ ಕೇಳಿದರೆ ಈ ಮಹಾನುಭಾವರು ಆಕಾಶ ನೋಡುತ್ತಿದ್ದರು. ಹೊಲಿದವಳು ನಾನು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಾ ಬಂದವಳು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹೇಮಾವತಿ ನೀರು ಬಂದು ಕೆರೆ ತುಂಬಿದ ವರ್ಷ ಇದೆಲ್ಲ ಶುರುವಾಯಿತು. ನೌಕಾಪಡೆಯಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಬಂದ ಹಿರಿಯರೊಬ್ಬರಿದ್ದಾರೆ. ಊರವರೆಲ್ಲ ಅವರನ್ನು ನೇವಿ ಸಾರ್ ಎನ್ನುತ್ತಾರೆ. ತುಂಬಿದ ಕೆರೆ ನೋಡಿ ಅವರಿಗೆ ಸುಮ್ಮನೆ ಕೂರಲು ಆಗಲಿಲ್ಲ. ಮಂಗಳೂರಿನ ಕಡೆಯಿಂದ ಹಳೆಯ ಹಾಯಿದೋಣಿಯೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ದೋಣಿ ಗಟ್ಟಿಮುಟ್ಟಾಗಿತ್ತು. ಅದರ ಹಾಯಿಯನ್ನು ಮಾತ್ರ ಇಲಿಗಳು ಜರಡಿ ಮಾಡಿದ್ದವು. ಹೊಸದು ಹೊಲಿದುಕೊಡಿ ಎಂದು ನನ್ನ ಅಂಗಡಿಗೇ ಬಂದರು.

ಬಟ್ಟೆ ಕೊಟ್ಟವರು ಟಾರ್ಪಾಲ್ ಅಂಗಡಿಯ ಚಾಚಾ. ಎಪ್ಪತ್ತು ದಾಟಿದ ಮನುಷ್ಯ. ಲಾರಿಗಳಿಗೆ ಟಾರ್ಪಾಲು ಹೊಲಿದು ಹೊಲಿದು ಕೈ ಬೆರಳುಗಳೆಲ್ಲ ಕೊರಡಾಗಿವೆ. ತೆಳುವಾದ ನೀಲಿ ಟಾರ್ಪಾಲನ್ನು ಅವರೇ ಆರಿಸಿದರು. ನೇವಿ ಸಾರ್ ಕೊಟ್ಟ ಅಳತೆಗೆ ಮೂರು ಮೂಲೆಯಾಗಿ ಕತ್ತರಿಸಿ, ಅಂಚು ಮಡಿಸಿ, ಮಟ್ಟಸವಾಗಿ ಹೊಲಿದೆ. ನೋಡಲು ಬಲು ಲಕ್ಷಣವಾಗಿತ್ತು. ದೋಣಿಗೆ ಕಟ್ಟಿದರೆ ಪಟಪಟ ಬಡಿದುಕೊಂಡಿತೇ ಹೊರತು ದೋಣಿ ಮುಂದೆ ಹೋಗಲಿಲ್ಲ. ಗಾಳಿ ದಬ್ಬಿದ ಕಡೆಗೆ ಅಡ್ಡಡ್ಡ ಜಾರಿಕೊಂಡು ಹೋಯಿತು.

ಆ ರಾತ್ರಿ ಊಟ ಸೇರಲಿಲ್ಲ. ಹೊಲಿದದ್ದು ಸರಿಬರದಿದ್ದರೆ ನನಗೆ ಹಾಗೆಯೇ. ಮರುದಿನ ಇಲಿ ತಿಂದ ಹಳೆಯ ಹಾಯಿಯನ್ನು ಅಂಗಡಿಯ ನೆಲದಲ್ಲಿ ಹಾಸಿದೆ. ಏನು ಮಾಡಿದರೂ ಅದು ಮಟ್ಟಸವಾಗಿ ಕೂರಲಿಲ್ಲ. ಈ ಕಡೆ ಒತ್ತಿದರೆ ಆ ಕಡೆ ಉಬ್ಬುತ್ತಿತ್ತು. ಹೊಲಿಗೆಯ ಸಾಲುಗಳ ಮೇಲೆ ಬೆರಳಾಡಿಸಿದೆ. ಒಂದೂ ನೇರ ಇರಲಿಲ್ಲ, ತುದಿಗೆ ಬರುತ್ತಾ ಬಟ್ಟೆ ಒಳಗೆ ಸರಿದಿತ್ತು. ಅಯ್ಯೋ ನನ್ನ ದಡ್ಡತನವೇ ಅನ್ನಿಸಿತು. ಇದು ಬ್ಲೌಸಿಗೆ ಹಾಕುವ ಟಕ್ಸ್ ಅಲ್ಲವೇ! ಚಪ್ಪಟೆ ಬಟ್ಟೆಗೆ ಎದೆಯ ಉಬ್ಬು ಬರಲೆಂದು ನಾವು ಚಿವುಟಿ ಹೊಲಿಯುತ್ತೇವಲ್ಲ, ಅದೇ. ಹಾಯಿಗೂ ಒಂದು ಉಬ್ಬು ಬೇಕು. ಆ ಉಬ್ಬಿನಲ್ಲಿ ಗಾಳಿ ಕೂತರೆ ದೋಣಿ ನಡೆಯುತ್ತದೆ. ಚಾಚಾನನ್ನು ಕರೆದು ತೋರಿಸಿದೆ. "ವಾಹ್ ಬೇಟಿ! ಲಾರಿಗೆ ಹೊಟ್ಟೆ ಬರ್ಬಾರ್ದು, ಇದ್ಕೆ ಹೊಟ್ಟೆ ಬೇಕು, ಅಷ್ಟೆ ಕಿಸ್ಸಾ," ಎಂದರು. ಕಂಬದ ಕಡೆಯಿಂದ ಎರಡು, ಕೆಳಗಿನ ಅಂಚಿನಿಂದ ಒಂದು, ಹೀಗೆ ಮೂರು ಟಕ್ಸ್ ಹಾಕಿದೆ. ಆ ಭಾನುವಾರ ದೋಣಿ ಗಾಳಿಗೆ ಎದುರಾಗಿ ಓರೆಯಲ್ಲಿ ಹೋಗಿ, ತಿರುಗಿ, ಹೊರಟ ಜಾಗಕ್ಕೇ ಬಂತು. ಏರಿಯ ಮೇಲೆ ನಿಂತವರು ಶಿಳ್ಳೆ ಹೊಡೆದರು.

ಆಮೇಲೆ ತಿಂಗಳ ಮೊದಲ ಭಾನುವಾರ ಎಲ್ಲರೂ ಸೇರುವುದು ರೂಢಿಯಾಯಿತು. ಮಧುಗಿರಿ, ಕೊರಟಗೆರೆಯಿಂದ ಸಂಸಾರ ಸಮೇತ ಬರುತ್ತಿದ್ದರು. ವೈ.ಎನ್. ಹೊಸಕೋಟೆಯಿಂದ ಬರುವ ಅಕ್ಕ ಒಬ್ಬರು ಚೀಲ ತುಂಬಾ ಬೇಯಿಸಿದ ಕಡ್ಲೆಕಾಯಿ ತರುತ್ತಿದ್ದರು. ಚಾಚಾನ ಮನೆಯಿಂದ ಬಿರಿಯಾನಿ ಡಬ್ಬಿ, ನಮ್ಮನೆಯಿಂದ ಚಿತ್ರಾನ್ನ. ಜಾಲಿ ಮರದ ನೆರಳಿನಲ್ಲಿ ಜಮಖಾನ ಹಾಸಿ, ಸರದಿಯಂತೆ ಐದೈದು ಜನ ದೋಣಿ ಹತ್ತಿ ಒಂದು ಸುತ್ತು ಹೋಗಿ ಬರುವುದು. ನಿಜ ಹೇಳುತ್ತೇನೆ, ಅಷ್ಟು ಖುಷಿಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಅಂಗನವಾಡಿಯಲ್ಲಿ ಕೆಲಸ ಮಾಡುವ ನನ್ನ ನಾದಿನಿಯಂತೂ ಶನಿವಾರವೇ ಲೈಫ್ ಜಾಕೆಟ್‌ಗಳನ್ನು ಒಗೆದು ಒಣಗಿಸಿ ಇಟ್ಟಿರುತ್ತಿದ್ದಳು.

ಆದರೆ ದೋಣಿ ಹತ್ತಿದ ಮೇಲೆ ಹೆಂಗಸರ ಜಾಗ ಯಾವುದು ಗೊತ್ತೇ? ಮಧ್ಯ. ಕೆಲಸ? ಭಾರ. ಗಾಳಿಗೆ ದೋಣಿ ಒಂದು ಕಡೆ ವಾಲಿದರೆ ಇನ್ನೊಂದು ಕಡೆಗೆ ಭಾರ ಬೇಕು. "ಅಮ್ಮಾ, ಈ ಕಡೆ ಬನ್ನಿ, ಭಾರ ಬೇಕು. ಈಗ ಆ ಕಡೆ, ಬೇಗ ಬೇಗ," ಎನ್ನುವರು. ನಾವು ರಾಗಿ ಮೂಟೆಗಳ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿದಾಡುವುದು. ಚುಕ್ಕಾಣಿ ಮಾತ್ರ ಗಂಡಸರಿಗೆ. ನಿನ್ನೆ ಮೊನ್ನೆ ಕ್ಲಬ್ ಸೇರಿದ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದೂ ತಿಳಿಯದ ಗಂಡಸರಿಗೂ ನೇವಿ ಸಾರ್ ಕೈ ಹಿಡಿದು ಕಲಿಸುತ್ತಿದ್ದರು. ನಾನು ಮೂರು ಸಲ ಬಾಯಿಬಿಟ್ಟು ಕೇಳಿದೆ. ಮೊದಲ ಸಲ "ಮುಂದಿನ ಸಲ ನೋಡೋಣಮ್ಮ" ಎಂದರು. ಎರಡನೆಯ ಸಲವೂ ಅದೇ. ಮೂರನೆಯ ಸಲ ಗಾಳಿ ಹದವಾಗಿತ್ತು, ದೋಣಿಯಲ್ಲಿ ಜಾಗವಿತ್ತು, ಹೇಳಲು ಒಂದು ನೆಪವೂ ಇರಲಿಲ್ಲ. ಆಗಲೂ ನಗುನಗುತ್ತಾ ಅದೇ ಮಾತು. ಅವರು ಕೆಟ್ಟವರಲ್ಲ. ಅದಕ್ಕೇ ನನಗೆ ಇನ್ನೂ ಉರಿಯುತ್ತಿತ್ತು. ಕೆಟ್ಟವರಾಗಿದ್ದರೆ ಅಲ್ಲೇ ಎರಡು ಮಾತು ಅಂದು ಹಗುರವಾಗಬಹುದಿತ್ತು.

ವರ್ಷವಾಗುತ್ತಾ ಬಂತು. ತುಮಕೂರಿನಿಂದ ಒಂದಿಷ್ಟು ಮಂದಿ ನಮ್ಮ ಭಾನುವಾರ ನೋಡಲು ಬರುತ್ತಾರೆ, ಮೆಚ್ಚಿದರೆ ಕ್ಲಬ್ ಸೇರುತ್ತಾರೆ ಎಂದು ಸುದ್ದಿಯಾಯಿತು. ನೇವಿ ಸಾರ್ ತಾವೇ ಅಂಗಡಿಗೆ ಬಂದು, "ಅವತ್ತು ಒಂದು ಸುತ್ತು ನೀವೇ ಚುಕ್ಕಾಣಿ ಹಿಡಿಯಿರಮ್ಮ, ಹೆಂಗಸರೂ ಬರ್ತಾರೆ, ನೋಡಲಿ," ಎಂದರು. ನಾನು ಹೊಸ ಬ್ಲೌಸ್ ಹೊಲಿದುಕೊಂಡೆ, ತೋಳು ಎತ್ತಲು ಸಲೀಸಾಗಿರಲಿ ಎಂದು ಕಂಕುಳ ಸ್ವಲ್ಪ ಸಡಿಲ ಬಿಟ್ಟು.

ಅವತ್ತು ಹೋಗಿ ನೋಡುತ್ತೇನೆ, ಕಂಬಕ್ಕೆ ಕಟ್ಟಿದ ಹಾಯಿ ಇಸ್ತ್ರಿ ಮಾಡಿದ ಪಂಚೆಯಂತೆ ನೇರವಾಗಿ ನಿಂತಿತ್ತು. ಹತ್ತಿರ ಹೋಗಿ ಮುಟ್ಟಿದೆ. ಟಕ್ಸ್ ಇಲ್ಲ! ಕ್ಲಬ್ಬಿನ ಸೆಕ್ರೆಟರಿ, ಸೈಟು ಮಾರುವ ಮನುಷ್ಯ, ನಗುತ್ತಾ ಬಂದ. "ಅಕ್ಕಾ, ಫೋಟೋದಾಗೆ ಸುಕ್ಕು ಸುಕ್ಕಾಗಿ, ಜೋಲು ಜೋಲಾಗಿ ಕಾಣ್ತಿತ್ತು ಕಣಕ್ಕ. ಗೆಸ್ಟ್ ಬರ್ತಾವ್ರಲ್ಲ ಅಂತ ಶಾಮಿಯಾನ ಹೊಲಿಯೋನತ್ರ ಕೊಟ್ಟು ನೀಟಾಗಿ ಮಾಡ್ಸ್‌ಬುಟ್ಟೆ." ನನ್ನನ್ನು ಒಂದು ಮಾತು ಕೇಳಬಾರದೇ? ಗಲ್ಲಿ ದಾಟಿದರೆ ನನ್ನ ಅಂಗಡಿ. ಇದು ಹೀಗೆ ನಡೆಯೋದಿಲ್ಲಪ್ಪ ಎಂದೆ. "ಏ, ಬುಡಕ್ಕ, ನೀವು ಸುಮ್ಕೆ ಟೆನ್ಷನ್ ತಗಂತೀರ," ಎಂದು ಫೋನ್ ಹಿಡಿದು ಹೋದ. ನೇವಿ ಸಾರ್ ಅತಿಥಿಗಳಿಗೆ ಜಾಕೆಟ್ ತೊಡಿಸುತ್ತಿದ್ದರು. ನಾನು ಕರೆದದ್ದು ಅವರಿಗೆ ಕೇಳಿಸಲಿಲ್ಲ. ಹಾಯಿಯ ಕಡೆ ಕಣ್ಣೆತ್ತಿಯೂ ನೋಡದೆ ಮೊದಲ ಸುತ್ತಿಗೆ ಅತಿಥಿಗಳ ಜೊತೆ ತಾವೇ ಚುಕ್ಕಾಣಿ ಹಿಡಿದು ಹೊರಟರು.

ಹೋಗುವಾಗ ಗಾಳಿ ಹಿಂದಿನಿಂದ ಇತ್ತು, ಹೋದರು. ಬರುವಾಗ ತಾನೇ ಗಮ್ಮತ್ತು. ಹಾಯಿ ಪಟಪಟ ಬಡಿಯಿತು, ದೋಣಿ ಅಡ್ಡಡ್ಡ ಜಾರಿತು. "ಇದೇನಕ್ಕಾ, ದೋಣಿ ಪಕ್ಕಕ್ಕೆ ಪೋತಾ ಐತೆ!" ಎಂದು ಹೊಸಕೋಟೆಯ ಅಕ್ಕ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೂಗಿ, ಕಡ್ಲೆಕಾಯಿ ಸುಲಿಯುವುದು ಬಿಟ್ಟು ಎದ್ದು ನಿಂತರು. ಆಚೆ ದಡದ ಜಾಲಿ ಮುಳ್ಳಿಗೆ ದೋಣಿ ಮೂತಿ ತೂರಿಸಿಕೊಂಡು ನಿಂತಿತು. ಮೀನು ಹಿಡಿಯುವವರು ಹರಿಗೋಲಿನಲ್ಲಿ ಹೋಗಿ, ಹಗ್ಗ ಕಟ್ಟಿ, ಎಮ್ಮೆ ಎಳೆದು ತರುವಂತೆ ಎಳೆದು ತಂದರು. ಅತಿಥಿಗಳು ಒದ್ದೆ ಬಟ್ಟೆಯಲ್ಲಿ ಇಳಿದರು. ಅವರ ಮುಂದೆ, ಅಷ್ಟು ಜನರ ಮುಂದೆ, ಆ ಸೆಕ್ರೆಟರಿ ಏನೆಂದ ಗೊತ್ತೇ? "ಏನ್ಮಾಡಾದು ಸಾರ್, ಬ್ಲೌಸ್ ಹೊಲಿಯೋರ ಕೈಲಿ ಹಾಯಿ ಹೊಲ್ಸಿದ್ರೆ ಇಂಗೇ ಆಗಾದು."

ಹಾಯಿ ಯಾರದೆಂದು ಕೇಳಿದಾಗ ಒಂದು ವರ್ಷ ನನ್ನ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ. ಕೆಟ್ಟ ದಿನ ಮಾತ್ರ ಹೊಲಿದವಳು ನೆನಪಾದಳು. ನನಗೆ ಪಿತ್ತ ನೆತ್ತಿಗೇರಿತು. ದೋಣಿಯ ಹತ್ತಿರ ಹೋಗಿ ಹಾಯಿಯ ಗಂಟು ಬಿಚ್ಚಿ ನೆಲಕ್ಕೆ ಹಾಸಿದೆ. "ಎಲ್ಲರೂ ಬನ್ನಿ ಇಲ್ಲಿ, ನೋಡಿ," ಎಂದೆ. ನನ್ನ ದನಿ ನನಗೇ ಜೋರು ಅನ್ನಿಸಿತು. ಟಾರ್ಪಾಲು ಹತ್ತಿ ಬಟ್ಟೆಯಲ್ಲ, ದಾರ ಬಿಚ್ಚಿದರೂ ಸೂಜಿಯ ತೂತು ಮುಚ್ಚುವುದಿಲ್ಲ. ಮೂರು ಟಕ್ಸಿನ ತೂತುಗಳು ಸಾಲಾಗಿ, ಚುಕ್ಕಿ ಇಟ್ಟಂತೆ ಹಾಗೇ ಇದ್ದವು. "ಇದು ನಾನು ಹೊಲಿದದ್ದು. ವರ್ಷವೆಲ್ಲ ಓಡಿದ್ದು. ಬಿಚ್ಚಿಸಿದ್ದು ಯಾರು, ಕೇಳಿ." ಚಾಚಾ ಮೊಣಕಾಲೂರಿ ತೂತುಗಳ ಮೇಲೆ ಕೈಯಾಡಿಸಿದರು. "ತೌಬಾ ತೌಬಾ! ಅದ್ರ ಜಾನ್ ತೆಗ್ದು ನೀಟ್ ಮಾಡ್ದೆ ಅಂತಾನಲ್ಲ ಇವ್ನು," ಎಂದರು. ಸೆಕ್ರೆಟರಿ ಫೋನ್ ಬಂತೆಂದು ಅತ್ತ ಹೋದ. ಫೋನ್ ರಿಂಗಾದದ್ದು ನಾನಂತೂ ಕೇಳಲಿಲ್ಲ.

ನೇವಿ ಸಾರ್ ಮುಖ ಸಣ್ಣದು ಮಾಡಿಕೊಂಡು, "ಈಗ ಏನಾದರೂ ಮಾಡೋಕಾಗುತ್ತಾಮ್ಮ?" ಎಂದರು.

"ಆಗುತ್ತೆ. ಆದರೆ ಚುಕ್ಕಾಣಿ ನನ್ನದು."

"ಒಂದು ಸುತ್ತು ಕೊಡ್ತೀನಿ ಅಂದಿದ್ದೆ ನಿಜ, ಆದರೆ ಇಷ್ಟೆಲ್ಲ ಆದ ಮೇಲೆ... ನಿಮಗೆ ಹಿಡಿದು ಅಭ್ಯಾಸ ಇಲ್ವಲ್ಲಮ್ಮ..."

"ಅಭ್ಯಾಸ ಆಗೋಕೆ ಕೊಟ್ಟಿದ್ದೀರಾ ಸಾರ್? ಮಧ್ಯ ಕೂತು ನಿಮ್ಮ ಕೈಯನ್ನೇ ಒಂದು ವರ್ಷ ನೋಡಿದೀನಿ. ಸಾಲದಾ?"

ಅವರು ಆಯ್ತೆಂದು ತಲೆಯಾಡಿಸಿದರು. ಚಾಚಾ ಸ್ಕೂಟರಿನ ಡಿಕ್ಕಿಯಿಂದ ದಬ್ಬಳ ತಂದುಕೊಟ್ಟರು, ಮೂಟೆ ಹೊಲಿಯುವ ದಪ್ಪ ಸೂಜಿ. ನಾದಿನಿ ಬಟ್ಟೆಯನ್ನು ಬಿಗಿಹಿಡಿದು ಕೂತಳು. ಹಳೆಯ ತೂತುಗಳಲ್ಲೇ ದಾರ ತೂರಿಸುತ್ತಾ ಹೋದೆ. ಗಂಟೆ ಮೇಲಾಯಿತು, ಬಿಸಿಲು ನೆತ್ತಿಗೆ ಬಂತು. ಅಷ್ಟು ಹೊತ್ತೂ ನಾದಿನಿ ಕೈ ಬದಲಿಸಲಿಲ್ಲ. ಬೆರಳು ಕೆಂಪಾಗಿದ್ದವು.

ಅತಿಥಿಗಳಲ್ಲಿ ಇಬ್ಬರು, ನೇವಿ ಸಾರ್, ನಾದಿನಿ, ನಾನು, ಐದು ಜನ ಹತ್ತಿದೆವು. ಚುಕ್ಕಾಣಿಯ ಹಿಡಿ ಕೈಗೆ ಬಂದಾಗ ಮೊದಲು ಉಲ್ಟಾ ತಳ್ಳಿದೆ, ದೋಣಿ ಓಲಾಡಿತು. ನೋಡಿದ್ದು ಬೇರೆ, ಹಿಡಿಯುವುದು ಬೇರೆ. ನೇವಿ ಸಾರ್ ಬಾಯಿ ತೆರೆದವರು ಮುಚ್ಚಿಕೊಂಡರು. ಸರಿಪಡಿಸಿಕೊಂಡೆ. ಹಾಯಿ ಒಮ್ಮೆ ಬಡಿದು, ಆಮೇಲೆ ಬಸುರಿಯ ಹೊಟ್ಟೆಯಂತೆ ತುಂಬಿ ಸುಮ್ಮನಾಯಿತು. ಹಿಡಿಯಲ್ಲಿ ಒಂದು ಸೆಳೆತ ಬಂತು ನೋಡಿ, ಮೋಟಾರ್ ಹಾಕಿದ ಹೊಸ ಹೊಲಿಗೆ ಮಷೀನಿನ ಮೇಲೆ ಮೊದಲ ಸಲ ಕಾಲಿಟ್ಟ ಹಾಗೆ. ಏರಿ ಹಿಂದೆ ಉಳಿಯಿತು. "ಸಾರ್, ಆ ಕಡೆ ಬನ್ನಿ, ಭಾರ ಬೇಕು," ಎಂದೆ. ಅವರು ಸರಿದು ಕೂತರು. ಎಂಥಾ ಸುಖ ಅಂತೀರಿ! ಒಂದು ವರ್ಷದ ಉರಿ ಅಲ್ಲೇ ತಣ್ಣಗಾಯಿತು.

ಕೆರೆಯ ನಡುವೆ ತಿರುಗಿಸಿಕೊಂಡು ವಾಪಸ್ ಬರುತ್ತಿದ್ದೆವು. ನಾದಿನಿ ನನ್ನ ಹತ್ತಿರ ಸರಿದು, "ಅತ್ಗೆ, ನಂಗೂ ಒಂಚೂರು ಕೊಡಿ," ಎಂದಳು.

"ಮುಂದಿನ ಸಲ ನೋಡಾನ ಬುಡಮ್ಮ," ಎಂದೆ. ಕಣ್ಣು ಹಾಯಿಯ ಮೇಲೆಯೇ ಇತ್ತು.

ಹೇಳಿ ಮುಗಿದ ಮೇಲೆ ನಾನು ಆಡಿದ್ದು ಯಾರ ಮಾತೆಂದು ನನಗೇ ಕೇಳಿಸಿತು. ನೇವಿ ಸಾರ್ ಕಡೆ ನೋಡಿದೆ. ನಕ್ಕಿದ್ದರೆ ಬೈಯಬಹುದಿತ್ತು, ಅವರು ನಗಲಿಲ್ಲ, ತಲೆ ತಗ್ಗಿಸಿ ನೀರು ನೋಡುತ್ತಿದ್ದರು. ನಾದಿನಿ ಮಧ್ಯಕ್ಕೆ ಸರಿದು, ಭಾರ ಬೇಕಾದ ಕಡೆ ತಾನಾಗಿಯೇ ಕೂತಳು. ಕೆಂಪಾದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನನ್ನ ಮುಖಕ್ಕೆ ಯಾರೋ ರಪ್ಪನೆ ಹೊಡೆದಂತಾಯಿತು. ಥೂ ನನ್ನ, ಅಂದುಕೊಂಡೆ. ಚುಕ್ಕಾಣಿ ಬಿಡಲು ಮಾತ್ರ ಮನಸ್ಸಿರಲಿಲ್ಲ. ದಡ ಇನ್ನೂ ದೂರವಿತ್ತು, ಗಾಳಿ ಹದವಾಗಿತ್ತು, ನನಗೆ ಸಿಕ್ಕಿದ್ದೇ ಅರ್ಧ ಸುತ್ತು.

"ಬಾರೇ ಇಲ್ಲಿ," ಎಂದು ಎದ್ದೆ.

ಅವಳು ನಂಬದೆ ನೋಡಿದಳು. ಆಮೇಲೆ ಸರಸರ ಸರಿದು ಬಂದು ಹಿಡಿ ಹಿಡಿದಳು, ನನ್ನ ಹಾಗೆಯೇ ಉಲ್ಟಾ ತಳ್ಳಿದಳು. ದೋಣಿ ವಾಲಿತು, ಅತಿಥಿಗಳು ಕಿರುಚಿದರು. ಅವಳು ಹಲ್ಲು ಕಚ್ಚಿ ಸರಿಮಾಡಿಕೊಂಡು, ನನ್ನ ಕಡೆ ನೋಡದೆಯೇ ಗದರಿದಳು.

"ನಿಂತ್ಕಂಡು ಏನ್ ನೋಡ್ತೀರ ಅತ್ಗೆ? ಆ ಕಡೀಕೆ ಹೋಗಿ ಕೂತ್ಕಳಿ, ಭಾರ ಬೇಕು."

ಹೋಗಿ ನೇವಿ ಸಾರ್ ಪಕ್ಕದಲ್ಲಿ ಕೂತೆ.