ಎತ್ತಿನ ಕೊಟ್ಟಿಗೆಗೆ ಕೋಳಿ ಬಂದವು

ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕೂಲಿಗೆ ಹೋಗುವ ಪಕ್ಕದ ಕೇರಿಯ ಮಾದಮ್ಮ ಬಾಗಿಲಲ್ಲಿ ಬಂದು ನಿಂತಳು.

"ಅಮ್ಮಿ, ನಾಳಿದ್ದು ಕೊಡಗಿಗೆ ಒಂಟೋಯ್ತಿವಿ, ಕಾಪಿ ಕುಯ್ಯಕ್ಕೆ. ನನ್ ಕೋಳಿನೆಲ್ಲ ನಿಂಗೇ ಪಾಲ್ಗೆ ಬುಟ್ಟೋಯ್ತೀನಿ ಕಣಮ್ಮಿ."

ಹಂಚಿನ ಮೇಲಿದ್ದ ರೊಟ್ಟಿ ಸೀಯಿತು, ನನಗೆ ಗೊತ್ತೇ ಆಗಲಿಲ್ಲ. ಪಾಲಿಗೆ ಬಿಡುವುದೆಂದರೆ ಕೋಳಿ ಅವಳದು, ಸಾಕುವುದು ನಾನು, ಆದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಕಾಗದವಿಲ್ಲ, ಸಾಕ್ಷಿಯಿಲ್ಲ. ತಮ್ಮವರೆಂದು ಕಂಡವರಿಗೆ ಮಾತ್ರ ಹೀಗೆ ಬಿಡುತ್ತಾರೆ. ಹಾವೇರಿ ಕಡೆಯಿಂದ ಬಂದು ಇನ್ನೂ ವರ್ಷ ತುಂಬದ ನನಗೆ!

ನಮ್ಮ ಮನೆಯವರು ಇಲ್ಲಿಂದ ಮೇಟ್ಟುಪಾಳ್ಯಕ್ಕೆ ಕೋಸಿನ ಲಾರಿ ಓಡಿಸುತ್ತಾರೆ. ತಮಿಳುನಾಡಿನ ಗಡಿಯ ಈ ತಾಳವಾಡಿ ಬೆಟ್ಟಕ್ಕೆ ಬಂದ ಮೊದಲ ದಿನ ಬಸ್ಸಿನ ಬೋರ್ಡು ತಮಿಳು, ಒಳಗೆ ಕೂತವರ ಮಾತು ಕನ್ನಡ. ಬೋರ್ಡು ಓದಲು ಬರಲಿಲ್ಲ, ಕನ್ನಡವೂ ಅರ್ಧಂಬರ್ಧ ತಿಳಿಯಿತು. ನಮ್ಮ ಕಡೆ ಬಯಲು. ಸಂಜೆ ಕೋಳಿಗಳು ತಾವೇ ಬೇವಿನ ಮರ ಹತ್ತಿ ಮಲಗುತ್ತವೆ. ಇಲ್ಲಿ ಹೊಲದಾಚೆ ಕಾಡು. ಮುಂಗುಸಿ, ಕಾಡುಬೆಕ್ಕು, ಇವರು ಕಿರ್ಬ ಎನ್ನುವ ಚಿರತೆ. ಅದಕ್ಕೇ ಮಾದಮ್ಮ ಕೋಳಿಗಳನ್ನು ಮನೆಯೊಳಗೆ, ತಾನು ಮಲಗುವಲ್ಲೇ ಮಂಕರಿ ಬುಟ್ಟಿ ಕವುಚಿ ಕಾಯುತ್ತಿದ್ದಳು. ಅಂಥ ಕೋಳಿ ನನ್ನ ಕೈಯಲ್ಲಿ ಒಂದು ಹೋದರೂ ಉಗಾದಿಗೆ ಅವಳು ಬಂದಾಗ ಯಾವ ಮುಖ ತೋರಿಸಲಿ?

ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಹಿತ್ತಲಲ್ಲಿ ಮನೆಯೊಡತಿ ಶಿವಮ್ಮನವರ ಎತ್ತಿನ ಕೊಟ್ಟಿಗೆ, ಎತ್ತು ಇಲ್ಲವಾದ ಮೇಲೆ ಖಾಲಿ ಇತ್ತು. ಅವರು ಲಿಂಗ ಕಟ್ಟಿದವರು, ಕೋಳಿ ಮುಟ್ಟುವವರಲ್ಲ. ಹೆದರುತ್ತಲೇ ಕೇಳಿದೆ.

"ಬಸ್ವಣ್ಣ ಮನಗ್ತಿದ್ದ ಜಾಗ ಅದು. ಅಲ್ಲಿ ಕೋಳಿಯಾ?" ಎಂದು ಒಳಗೆ ಹೋಗಿಬಿಟ್ಟರು.

ಮರುದಿನ ಬೆಳಿಗ್ಗೆ ನೋಡಿದರೆ ಎತ್ತು ಕಟ್ಟುತ್ತಿದ್ದ ಗೂಟವನ್ನು ಅವರೇ ಕೀಳಿಸಿ, ತೊಳೆದು, ವಿಭೂತಿ ಹಚ್ಚಿ, ದೇವರ ಮನೆಗೆ ಒಯ್ಯುತ್ತಿದ್ದಾರೆ. "ಇನ್ನದು ಬರೀ ಗೋಡೆ ಕಣಮ್ಮಿ. ಮಾಡ್ಕ. ಆದ್ರೆ ಕೋಳಿ ಬಂದ್ಮೇಲೆ ನಾ ಅತ್ತಗೆ ತಲೆ ಆಕಲ್ಲ."

ಅವತ್ತೇ ನಾನೂ ಮನೆಯವರೂ ತಾಳವಾಡಿ ಪೇಟೆಗೆ ಓಡಿದೆವು. ಅಂಗಡಿಯವನಿಗೆ ಜಾಳಿಗಿ ಎಂದರೆ ತಿಳಿಯಲಿಲ್ಲ. ಕೈಯಲ್ಲಿ ಚೌಕ ಚೌಕ ಬರೆದು ತೋರಿಸಿದೆ. "ಕಂಬಿ ವಲೈಯಾ?" ಎಂದ. ತಂತಿಯ ಬಲೆಗೆ ತಮಿಳಿನಲ್ಲಿ ಹಾಗೆನ್ನುತ್ತಾರೆ. ತೆಳುವಾದದ್ದನ್ನು ಬೆಕ್ಕು ಹಲ್ಲಲ್ಲೇ ಹರಿಯುತ್ತದೆಂದು ದಪ್ಪ ತಂತಿಯ, ಸಣ್ಣ ಕಣ್ಣಿನದನ್ನೇ ಕೊಟ್ಟ.

ಗೋಡೆಗುಂಟ ಮೊಣಕೈ ಆಳ ಅಗೆದು ಬಲೆ ಹೂತೆವು, ಯಾವುದೂ ಬುಡ ಕೆರೆದು ನುಗ್ಗಬಾರದೆಂದು. ಹೆಂಚಿನ ಕೆಳಗೂ ಬಲೆ ಬಡಿದೆವು. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ. ಕೋಳಿ ಕೂರಲು ಅಡ್ಡಕ್ಕೆ ಬಿದಿರು. ನನ್ನ ಉತ್ಸಾಹ ನೋಡಿ ಮನೆಯವರು, "ಸಂಜಿಕ ನೀನೂ ಅಲ್ಲೇ ಮಲಗ್ತೀ ಏನ?" ಎಂದು ಛೇಡಿಸಿದರು. ಕೊನೆಗೆ ಕೊಡಗಟ್ಟಲೆ ನೀರು ಸುರಿದು ನೆಲ ತೊಳೆದೆ. ನೀರು ಸರಾಗವಾಗಿ ಹೋಯಿತು. ಎಲ್ಲಿಗೆ ಹೋಯಿತೆಂದು ನೋಡಲಿಲ್ಲ.

ಸಂಜೆ ಮಾದಮ್ಮನ ಕೋಳಿಗಳನ್ನು ಒಳಗೆ ಬಿಟ್ಟು, ನಮ್ಮೂರ ದ್ಯಾಮವ್ವನನ್ನು ನೆನೆದು ಚಿಲಕ ಹಾಕುತ್ತಿದ್ದೆ. ಮೂಗಿಗೆ ಸೆರಗು ಹಿಡಿದು ಶಿವಮ್ಮ ಬಂದರು, ತಲೆ ಹಾಕುವುದಿಲ್ಲ ಎಂದವರು!

"ಅಲ್ಲ ಕಣಮ್ಮಿ, ನಮ್ ಬಾಳೆ ಬುಡಕ್ಕೆ ನೀರು ಬಂದದೆ. ನೀರು ಈಚೆಗೆ ಬಂದ ದಾರೀಲೇ ಮುಂಗ್ಸಿ ಒಳಕ್ಕೋಗದಿಲ್ವಾ?"

ಒಳಗೆ ಓಡಿ ನೋಡಿದೆ. ಎತ್ತಿನ ಗಂಜಲ ಹರಿದುಹೋಗಲೆಂದು ಗೋಡೆಯಡಿ ಬಿಟ್ಟ ಕಿಂಡಿ! ಮುಷ್ಟಿ ಹೋಗುವಷ್ಟು ದೊಡ್ಡದು. ದಿನಾ ಆ ನೆಲ ತೊಳೆದ ಅವರಿಗೆ ಅದರ ನೆನಪಿತ್ತು. ಕಲ್ಲು ತುರುಕಲು ಹೋದೆ.

"ಕಲ್ಲು ಮಡುಗುದ್ರೆ ನೀರು ಎತ್ಲಾಗೋಗದು? ತಡಿ," ಎಂದು ಒಳಗಿನಿಂದ ನೇಗಿಲಿನ ಗುಳ ತಂದರು, ಉಳುತ್ತಾ ಸವೆದು ಹೊಳೆಯುವ ಕಬ್ಬಿಣದ ಪಟ್ಟಿ. "ಎತ್ತೇ ಇಲ್ಲ, ಇದ ಮಡಿಕಂಡು ಏನ್ ಮಾಡನೆ?"

ಕಿಂಡಿಯ ನಡುವೆ ಗುಳವನ್ನು ನೆಟ್ಟಗೆ ಬಡಿದು, ಅದಕ್ಕೆ ಎರಡು ಸುತ್ತು ಬಲೆ ಬಿಗಿದೆವು. ನೀರಿಗೆ ದಾರಿ ಉಳಿಯಿತು.

ಬೆಳಿಗ್ಗೆ ಬಾಳೆಯ ಬುಡವೆಲ್ಲ ಕೆರೆದುಹೋಗಿತ್ತು. ಕಿಂಡಿಯ ಬಲೆಗೆ ಕಂದು ಕೂದಲು ಸಿಕ್ಕಿತ್ತು. ಎರಡೂ ಚಿಲಕ ತೆಗೆದೆ. ಒಳಗಿಂದ ಕೋಳಿಗಳೆಲ್ಲ ನನ್ನ ಕಾಲು ತುಳಿದುಕೊಂಡೇ ಹೊರಗೆ ಓಡಿದವು. ಕುಣಿಯುವುದೊಂದು ಬಾಕಿ!

"ಎಲ್ಲಾ ಅವಾ?" ಶಿವಮ್ಮ ತಮ್ಮ ಜಗಲಿಯಿಂದಲೇ ಕೂಗಿದರು.

"ಎಲ್ಲಾ ಅವೆ!" ಎಂದೆ. ನಮ್ಮೂರಲ್ಲಾದರೆ 'ಅದಾವ' ಎನ್ನುತ್ತಿದ್ದೆ.

ಅಷ್ಟರಲ್ಲಿ ಅವ್ವನ ಫೋನು. ತಂಗಿಯ ಕುಬಸಕ್ಕೆ ಬಾ ಎಂದಳು. ಬಸುರಿ ತಂಗಿಗೆ ಹಸಿರು ಸೀರೆ ಉಡಿಸುವ ಹೊತ್ತಲ್ಲಿ ನಾನಿರಬೇಡವೇ? ಕೇಳಿದ ಕೂಡಲೇ ಮನಸ್ಸು ಬಸ್ಸು ಹತ್ತಿತ್ತು. ಬಾಯಿ ಮಾತ್ರ, "ಬರ್ತೀನಬೇ, ಆದ್ರ ಸಂಜಿಕ ಕೋಳಿ ಮುಚ್ಚೋರು ಯಾರು?" ಎಂದಿತು.

"ಒಳ್ಳೇಕಿ ನೀ! ಹಡದಾಕಿಗಿಂತ ಕೋಳಿ ಹೆಚ್ಚಾದ್ವೇನು?" ಅವ್ವ ನಕ್ಕಳು. ನಕ್ಕರೂ ದನಿ ಸಣ್ಣಗಾಗಿತ್ತು.

ಫೋನು ಇಟ್ಟ ಮೇಲೆ ಶಿವಮ್ಮ ಬಾಳೆಯ ಬುಡಕ್ಕೆ ಮಣ್ಣು ಎಳೆಯುತ್ತಾ, ನನ್ನತ್ತ ನೋಡದೆಯೇ ಅಂದರು: "ಓಗ್ ಬಾ ಮಗ, ತಂಗಿ ಅಂದ್ರೇನು ಸುಮ್ನೆಯಾ? ಚಿಲ್ಕ ನಾ ಆಕತೀನಿ. ಕೋಳಿ ಮುಟ್ಟಲ್ಲ, ಅಷ್ಟೆ."

ಕೋಳಿ ಉಳಿಸಿದ್ದಕ್ಕೆ ದ್ಯಾಮವ್ವನಿಗೆ ಕೈ ಮುಗಿದೆ. ಇಲ್ಲಿಯವರ ದೇವರು ಮಾದಪ್ಪನಿಗೂ ಮುಗಿದೆ. ಊರಿಗೆ ಹೋದರೆ ಸಂಜೆಯಾಗುತ್ತಲೇ ಈ ಚಿಲಕದ ಯೋಚನೆ, ಇಲ್ಲಿದ್ದರೆ ತಂಗಿಯ ಹಸಿರು ಸೀರೆಯ ಯೋಚನೆ. ಇರಲಿ, ಯೋಚಿಸಲು ಎರಡೂ ಕಡೆ ದೇವರು ಜನ ಕೊಟ್ಟಿದ್ದಾನಲ್ಲ. ಮುದ್ದೆಗೆಂದು ತಂದ ರಾಗಿ ಹಾಗೇ ಬಿದ್ದಿತ್ತು; ಮೊರ ತೆಗೆದುಕೊಂಡು ಹಿತ್ತಲಲ್ಲಿ ಕೇರಲು ಕುಳಿತೆ. ಹೊಟ್ಟು ಹಾರಿದಲ್ಲೆಲ್ಲ ಕೋಳಿಗಳು ಓಡಿಬಂದವು.