ಕಾಯಿ ಒಡೆಯದ ವರ್ಷ

ಅಡುಗೆಮನೆಯಲ್ಲಿ ಅವ್ವ ತೆಂಗಿನಕಾಯಿ ತುರಿಯುತ್ತಿದ್ದಾಳೆ. ಹಸಿ ಕಾಯಿಯ ಆ ವಾಸನೆಗೆ ನಾನು ಓದುತ್ತಿದ್ದ ಪೇಪರ್ ಮಡಿಚಿಟ್ಟು ಸುಮ್ಮನೆ ಕೂರುತ್ತೇನೆ. ಅರಸೀಕೆರೆ ಹತ್ತಿರದ ಗಂಡಸಿ ಕಡೆಯ ತೆಂಗಿನ ತೋಟದವನಿಗೆ ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಒಂದು ವರ್ಷ ಪೂರ್ತಿ ನಮ್ಮ ಮನೆಯಲ್ಲಿ ಕಾಯಿ ಒಡೆಯಲಿಲ್ಲ. ಒಡೆಯದಂತೆ ನೋಡಿಕೊಂಡ ಮಹಾಶಯ ನಾನೇ.

ಮಗಳು ಮಾನ್ಯಳಿಗೆ ಆಗ ನಾಲ್ಕು ವರ್ಷ. ಸಂಕ್ರಾಂತಿಯ ಎಳ್ಳು ಬೆಲ್ಲ ತಿಂದ ಹತ್ತೇ ನಿಮಿಷಕ್ಕೆ ತುಟಿ ಊದಿತು, ಮೈಯೆಲ್ಲ ಗಂಧೆ ಎದ್ದಿತು, ಉಸಿರು ಗೊರಗೊರ ಎಂದಿತು. ಅರಸೀಕೆರೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಇಂಜೆಕ್ಷನ್ ಕೊಟ್ಟು ಉಳಿಸಿದರು. ಎಳ್ಳು, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಇಷ್ಟರಲ್ಲಿ ಮಗುವಿಗೆ ಆಗದ್ದು ಯಾವುದು?

ರಕ್ತ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಕಡಲೆಬೀಜದ ಮುಂದೆ ದೊಡ್ಡ ಅಂಕಿ, ಕೊಬ್ಬರಿಯ ಮುಂದೆ ಸಣ್ಣ ಅಂಕಿ. ನಾನು ಶಾಲೆಯಲ್ಲಿ ಗಣಿತ ಹೇಳುವವನು. ಅಂಕಿ ಕಂಡ ಮೇಲೆ ಡಾಕ್ಟರು ಯಾಕೆ? ಎರಡೂ ಬಂದ್ ಎಂದು ತೀರ್ಪು ಕೊಟ್ಟೆ.

"ಮಗು ಕಾಯಿ ತಿಂದ್ಕಂಡೇ ಬೆಳ್ದೈತಲ್ಲೋ ಮಗ," ಅಂದಳು ಅವ್ವ.

"ವರದೀಲಿ ಐತೆ ಕಣವ್ವ, ಸುಮ್ನಿರು."

ಚಟ್ನಿ, ಪಲ್ಯ, ಒಬ್ಬಟ್ಟಿನ ಸಾರು ಎಲ್ಲ ರುಚಿ ಕಳೆದುಕೊಂಡವು. ದೇವರಿಗೂ ಬಾಳೆಹಣ್ಣಷ್ಟೇ. ನನ್ನ ಹೆಂಡತಿ ವರ್ಷವಿಡೀ ಬಯ್ದು ಬಯ್ದು, ಕೊನೆಗೆ ನಮ್ಮನ್ನೆಲ್ಲ ಹಾಸನದ ಅಲರ್ಜಿ ಡಾಕ್ಟರಮ್ಮನ ಬಳಿಗೆ ಹೊರಡಿಸಿದಳು.

ಅವರು ಮಗುವಿನ ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು, ಸೂಜಿಮೊನೆಯಿಂದ ಮೆಲ್ಲಗೆ ಚುಚ್ಚಿ ಕಾಲು ಗಂಟೆ ಕಾದರು. ಯಾವುದೂ ಊದಲಿಲ್ಲ. ನಾನು ಹಿಗ್ಗಿದೆ, ಅವರು ಹಿಗ್ಗಲಿಲ್ಲ. ಯಾರಿಗೇ ಇಟ್ಟರೂ ಊದಲೇಬೇಕಾದ ಹನಿಯೊಂದನ್ನು ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಇಟ್ಟಿದ್ದರಂತೆ. ಅದೂ ಊದಿರಲಿಲ್ಲ.

"ಪರೀಕ್ಷೆಗೆ ಮುಂಚೆ ಅಲರ್ಜಿ ಸಿರಪ್ ಒಂದು ವಾರ ಕೊಡಬೇಡಿ ಅಂತ ಫೋನಿನಲ್ಲೇ ಹೇಳಿದ್ದೆನಲ್ಲ? ಅದು ಕುಡಿದರೆ ಯಾವ ಹನಿಯೂ ಊದಲ್ಲ."

ಅವ್ವ ತಲೆ ತಗ್ಗಿಸಿದಳು. "ಚುಚ್ತಾರೆ ಅಂದ್ರು. ಮಗೀಗೆ ನವೆ ಆಗ್ದಿರ್ಲಿ ಅಂತ ಬೆಳಿಗ್ಗೆ ಒಂದ್ ಚಮಚ ಕುಡಿಸ್ಬುಟ್ಟೆ ಕಣವ್ವ."

ಊದಲೇಬೇಕಾಗಿದ್ದ ಆ ಒಂದು ಹನಿ ಇಲ್ಲದಿದ್ದರೆ ಸಂಜೆಗೆ ನಾನೇ ಕಡಲೆಬೀಜ ತಿನ್ನಿಸುತ್ತಿದ್ದೆ.

ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಈ ಸಲ ಕಡಲೆಬೀಜದ ಹನಿ ಬಿಟ್ಟ ಜಾಗ ಕೆಂಪಗೆ ದಪ್ಪಗೆ ಎದ್ದಿತು. ಕೊಬ್ಬರಿಯದು, ಎಳ್ಳಿನದು ತಣ್ಣಗಿತ್ತು.

"ರಕ್ತದಲ್ಲಿ ಸಣ್ಣ ಅಂಕಿ ಬಂದ ಮಾತ್ರಕ್ಕೆ ಅಲರ್ಜಿ ಅಂತಲ್ಲ ಮೇಷ್ಟ್ರೇ. ಮುಂಚೆ ಕಾಯಿ ತಿಂದಾಗ ಮಗೂಗೆ ಏನಾದ್ರೂ ಆಗಿತ್ತಾ?"

ಅವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಡಾಕ್ಟರಮ್ಮ ತಮ್ಮ ಕಣ್ಣೆದುರೇ ಚೂರುಚೂರಾಗಿ ಕಾಯಿ ತಿನ್ನಿಸಿ ಮಧ್ಯಾಹ್ನದವರೆಗೆ ಕೂರಿಸಿಕೊಂಡರು. ಮಗು ಇನ್ನೂ ಬೇಕು ಎಂದಿತು. ಉಳಿದ ಚೂರನ್ನು ಅವ್ವ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. "ಮಗೀಗಿಲ್ದಿದ್ದು ನಂಗ್ಯಾಕೆ ಅಂತ ಬಿಟ್ಟಿದ್ದೆ," ಅಂದಳು. ಮದುವೆ ಮನೆಗಳಲ್ಲೂ ಮುಟ್ಟಿರಲಿಲ್ಲವಂತೆ. ಒಂದೇ ಮನೆಯಲ್ಲಿದ್ದು ನನಗದು ಗೊತ್ತೇ ಆಗಿರಲಿಲ್ಲ. ಬಹಳ ನಾಚಿಕೆಯಾಯಿತು.

ಮಾನ್ಯಳಿಗೆ ಈಗ ಹತ್ತು. ಕಡಲೆಬೀಜ ಮನೆಗೆ ಬರುವುದಿಲ್ಲ. ಅವಳ ಚೀಲದಲ್ಲಿ ತುರ್ತು ಇಂಜೆಕ್ಷನ್ ಇರುತ್ತದೆ. ಈ ವರ್ಷದ ರಕ್ತ ಪರೀಕ್ಷೆಯ ವರದಿ ಈಗಷ್ಟೇ ಫೋನಿಗೆ ಬಂತು. ಕಡಲೆಬೀಜದ ಅಂಕಿ ಅರ್ಧಕ್ಕರ್ಧ ಇಳಿದಿದೆ. ಮನಸ್ಸು ಕುಣಿಯಿತು, ಸುಳ್ಳೇಕೆ ಹೇಳಲಿ.

ಮಗಳು ಬಂದು ಪಕ್ಕದಲ್ಲಿ ಕೂತಳು. "ಏನಂತೆ ಅಪ್ಪ? ಇನ್ಮೇಲೆ ತಿನ್ನಬಹುದಾ?"

"ನಂಗೊತ್ತಿಲ್ಲ ಕಣೇ," ಅಂದೆ. "ನಾಳೆ ಹೋಗಿ ಡಾಕ್ಟರಮ್ಮನ್ನ ಕೇಳೋಣ."

ಒಳಗೆ ಕಾಯಿ ತುರಿಯುವ ಸದ್ದು ನಿಂತಿತು. ಅವ್ವ ಹೊರಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಬಂದಿದೆಯೇ ಎಂದು.