ಹುಬ್ಬಳ್ಳಿ ಬಸ್ಸಿನಲ್ಲಿ ಒಂದು ನರ

ಹಳಿಯಾಳದ ಬಸ್ ನಿಲ್ದಾಣದಲ್ಲಿ ಇನ್ನೂ ಮಬ್ಬುಗತ್ತಲು. ಹುಬ್ಬಳ್ಳಿ ಬಸ್ಸು ಹೊರಡುವ ಲಕ್ಷಣವಿಲ್ಲ. ಕಂಡಕ್ಟರ್ ಸಾಹೇಬರ ಚಹಾ ಮುಗಿಯಬೇಕಲ್ಲ. ಅಗ್ನೆಸ್ ಆಗಲೇ ಹತ್ತಿ ಕೂತು, ಇಳಿದು, ಮತ್ತೆ ಹತ್ತಿದ್ದಾರೆ. ಮಡಿಲಲ್ಲಿ ಬಟ್ಟೆ ಸುತ್ತಿದ ಬಾಟ್ಲಿ. ಅದರೊಳಗೆ ರೋಗಿಯೊಬ್ಬರ ಕಾಲಿನಿಂದ ಕೊಯ್ದು ತೆಗೆದ, ಬೆರಳಿನ ಗೆಣ್ಣಿನಷ್ಟುದ್ದದ ನರದ ತುಣುಕು. ಅವರ ಚಡಪಡಿಕೆ ಪಕ್ಕದಲ್ಲಿ ಕೂತ ನನಗೂ ಅಂಟುತ್ತದೆ.

ಅಗ್ನೆಸ್ ಇದೇ ಸೀಮೆಯ ಸಿದ್ದಿ ಕುಟುಂಬದವರು. ಗಂಡ ತೀರಿಕೊಂಡ ಮೇಲೆ ಇಲ್ಲಿನ ಸಣ್ಣ ಆಸ್ಪತ್ರೆಗೆ ಕಸ ಗುಡಿಸಲು ಸೇರಿ, ಆಯಾ ಆದರು. ಮೊದಲು ಇಂಥ ತುಣುಕುಗಳು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಪರೀಕ್ಷೆಗೆಂದು ಅಂಚೆಯಲ್ಲಿ ಹೋಗುತ್ತಿದ್ದವು. ಪಾಳಾ ಎಂಬ ಊರಿನ ತುಳಸಾ ಎಂಬಾಕೆಯ ಬಾಟ್ಲಿ ದಾರಿಯಲ್ಲೇ ಒಡೆದು ನರ ಒಣಗಿಹೋಯಿತು. ಇನ್ನೊಂದು ಕಾಲಿನಿಂದ ಮತ್ತೆ ನರ ಕೊಯ್ಯಿಸಿಕೊಳ್ಳಲು ಒಲ್ಲೆನೆಂದು ಹೋದ ಆಕೆ ತಿರುಗಿ ಬರಲಿಲ್ಲ. "ಅವತ್ತಿಂದ ನಾನ ಒಯ್ತೇನ್ರಿ," ಎನ್ನುತ್ತಾರೆ ಅಗ್ನೆಸ್.

ಆದರೆ ಅವರ ನೆಮ್ಮದಿ ಕೆಡಿಸಿರುವುದು ಇವತ್ತಿನದಲ್ಲ, ಹಿಂದೊಮ್ಮೆ ಒಯ್ದ ಅಮೀರಸಾಬರ ನರ. ಸೂಪಾ ಅಣೆಕಟ್ಟಿಗೆ ಸಿಮೆಂಟು ಹೊರುವ ಲಾರಿಗಳನ್ನು ರಿಪೇರಿ ಮಾಡುವ ದಾಂಡೇಲಿಯ ಮೆಕ್ಯಾನಿಕ್ ಈ ಸಾಬರು. ಮಳೆಗಾಲದಲ್ಲಿ ಅವರ ಬಲಪಾದ ಜೋತುಬಿತ್ತು, ಕೈಬೆರಳು ಜೋಮು ಹಿಡಿದವು. ಜನರ ಬಾಯಿಗೆ ಬೀಗ ಹಾಕುವವರುಂಟೆ? ಕುಷ್ಠವೆಂದರು, ಗ್ಯಾರೇಜಿನಲ್ಲಿ ಅವರ ಚಹಾದ ಕಪ್ಪು ಬೇರೆಯಾಯಿತು. ಹೆಂಡತಿ ನಸೀರಾರ ಹೆಗಲು ಹಿಡಿದು ಆಸ್ಪತ್ರೆಗೆ ಬಂದರು. ಡಾಕ್ಟರಿಗೆ ಬೇರೆಯೇ ಗುಮಾನಿ: ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಉರಿಯೂತದಿಂದ ಕಟ್ಟಿರಬಹುದು. ಹಾಗಿದ್ದರೆ ಬೇಗ ಗುಳಿಗೆ ಕೊಟ್ಟು ಇನ್ನೊಂದು ಕಾಲನ್ನಾದರೂ ಉಳಿಸಬಹುದು. ಯಾವುದೆಂದು ತಿಳಿಯಲು ನರದ ತುಣುಕನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಸಾಬರು ಷರತ್ತು ಹಾಕಿದರು: ಮೈಯಿಂದ ಬೇರೆಯಾದದ್ದು ಮಣ್ಣು ಸೇರಬೇಕು; ನೋಡಿ ಉಳಿದದ್ದನ್ನು ವಾಪಸ್ ತರುವುದಾದರೆ ಮಾತ್ರ ಕೊಯ್ಯಿರಿ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅಗ್ನೆಸ್ ಮಾತು ಕೊಟ್ಟುಬಿಟ್ಟರು.

ಹುಬ್ಬಳ್ಳಿಗೆ ಹೋದ ಮೇಲಷ್ಟೇ ಗೊತ್ತಾಯಿತು: ತುಣುಕನ್ನು ಮೇಣದಲ್ಲಿ ಹುದುಗಿಸಿ ತೆಳ್ಳಗೆ ಹೆರೆಯುತ್ತಾರೆ, ಉಳಿದದ್ದು ಮುಂದೆ ಬೇಕಾದೀತೆಂದು ಮೇಣದೊಳಗೇ ಅಲ್ಲಿ ಇರುತ್ತದೆ. ಅಗ್ನೆಸ್ ಬೇಡಿದರು, ಜಗಳಾಡಿದರು, ಬಾಗಿಲಲ್ಲೇ ಕೂತರು. ಕೊನೆಗೆ ಬರಿಗೈಯಲ್ಲಿ ಬಂದರು. ವರದಿ ಬಂದಾಗ ಡಾಕ್ಟರ ಗುಮಾನಿಯೇ ನಿಜವಾಯಿತು: ಕುಷ್ಠವಲ್ಲ, ರಕ್ತನಾಳದ ಉರಿಯೂತ.

ಸುದ್ದಿ ಹೇಳಲು ದಾಂಡೇಲಿ ಪಕ್ಕದ ಅಂಬೇವಾಡಿಯಲ್ಲಿದ್ದ ಸಾಬರ ಮನೆಗೆ ಅಗ್ನೆಸ್ ತಾವೇ ಹೋದರು. ಮೊದಲು ಹೇಳಿದ್ದು, ನರ ತರಲಾಗಲಿಲ್ಲವೆಂದು. ಸಾಬರು ಗೋಡೆಯತ್ತ ತಿರುಗಿ ಮಲಗಿದರು. ಕುಷ್ಠವಲ್ಲ ಎಂಬುದನ್ನು ಅವರ ಬೆನ್ನಿಗೇ ಹೇಳಬೇಕಾಯಿತು. ಕೇಳಿ ನಸೀರಾ ಅತ್ತರು.

ಒಳ್ಳೆಯ ಸುದ್ದಿಯನ್ನೇ ಮೊದಲು ಹೇಳಬಹುದಿತ್ತಲ್ಲ ಎನ್ನುತ್ತೇನೆ.

"ಹಂಗ ಹೇಳಿದ್ರ ಖುಷಿ ಒಳಗ ಮಾಫಿ ಮಾಡಿಬಿಡ್ತಿದ್ರು. ಅದೇನ ಮಾಫಿ ಆತ್ರಿ?"

ಬಸ್ಸು ಕೊನೆಗೂ ಗುರುಗುಟ್ಟುತ್ತದೆ. ಇವತ್ತಿನ ರೋಗಿಗೆ ಅಗ್ನೆಸ್ ಯಾವ ಮಾತನ್ನೂ ಕೊಟ್ಟಿಲ್ಲವಂತೆ. ಸಾಬರು ಈಗಲಾದರೂ ಮಾಫಿ ಮಾಡಿದರೇ ಎಂದು ಕೇಳುತ್ತೇನೆ.

"ಇನ್ನೂ ಇಲ್ರಿ. ವಾರಾ ವಾರಾ ಗುಳಗಿಗೆ ಬರ್ತಾರ, ನನ್ನ ಕೂಡ ಮಾತಾಡೂದಿಲ್ಲ," ಎಂದು ಅಗ್ನೆಸ್ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. "ಆದ್ರ ಈಗ ಯಾರ ಹೆಗಲೂ ಹಿಡೀದ ಒಬ್ಬರ ನಡಕೋತ ಬರ್ತಾರ್ರಿ."